ಆರು ತಪ್ಪಲ್ಲ, ಒಂದೇ ತಪ್ಪು ಆರು ಸಲ

ಪ್ರಶ್ನೆ: ಸರ್, ನಮ್ಮದು ದಾವಣಗೆರೆ. ನಾನು ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ, ನಮ್ಮ ಯಜಮಾನರು ಮೆಕ್ಕೆಜೋಳದ ಲಾರಿ ಓಡಿಸುತ್ತಾರೆ. ಮಗ ಖಾಸಗಿ ಶಾಲೆಯಲ್ಲಿ 4ನೇ ತರಗತಿ. ಹೋದ ವರ್ಷದವರೆಗೆ ಚೆನ್ನಾಗಿಯೇ ಇದ್ದ. ಈ ವರ್ಷ ಗಣಿತದ ನೋಟ್‌ಬುಕ್ ತೆಗೆದರೆ ಬರೀ ಕೆಂಪು. ತಪ್ಪಾದ ಲೆಕ್ಕವನ್ನು ಹತ್ತತ್ತು ಸಲ ಬರೆಸುತ್ತಾರೆ. ಒಂದು ದಿನ ಬೋರ್ಡಿನ ಮುಂದೆ ನಿಲ್ಲಿಸಿ ‘ಇಷ್ಟೂ ಬರಲ್ವಾ ನಿನಗೆ’ ಅಂದರಂತೆ, ಮಕ್ಕಳೆಲ್ಲ ನಕ್ಕರಂತೆ. ಈಗೀಗ ಟೆಸ್ಟಿನಲ್ಲಿ ಬರೆಯುವುದನ್ನೇ ಬಿಟ್ಟಿದ್ದಾನೆ, ಖಾಲಿ ಹಾಳೆ ಕೊಟ್ಟು ಬರುತ್ತಾನೆ. ಕೇಳಿದರೆ ‘ತಪ್ಪಾದ್ರೆ?’ ಅಂತಾನೆ. ಅಲ್ಲಿಯ ಪಾಠ ಸರಿ ಇಲ್ಲವೋ, ನಮ್ಮ ಹುಡುಗನೇ ದಡ್ಡನೋ? ಶಾಲೆ ಬಿಡಿಸಲಾ? ಟ್ಯೂಷನ್‌ಗೆ ಹಾಕಲಾ? ನೋಟ್‌ಬುಕ್ಕಿನ ಒಂದು ಪುಟದ ಫೋಟೋ ಕಳಿಸಿದ್ದೇನೆ.

ಉತ್ತರ: ತಾಯಿ, ಪತ್ರದ ಜೊತೆ ಆ ಫೋಟೋ ಕಳಿಸಿದ್ದು ಬಹಳ ಒಳ್ಳೆಯದಾಯಿತು. ಚಿತ್ರದುರ್ಗದಲ್ಲಿ ಮೇಷ್ಟ್ರುಗಳಿಗೆ ತರಬೇತಿ ಕೊಡುವ ಕೆಲಸದಲ್ಲಿ ನಾನು ಎಷ್ಟೋ ವರ್ಷ ಕಳೆದಿದ್ದೇನೆ. ಮಗುವಿನ ವಿಷಯ ತಿಳಿಯಬೇಕಾದರೆ ಅಂಕಪಟ್ಟಿಗಿಂತ ನೋಟ್‌ಬುಕ್ಕನ್ನೇ ನಾನು ಹೆಚ್ಚು ನಂಬುತ್ತೇನೆ. ಹಾಗಾಗಿ ನಿಮ್ಮ ಮಗನ ಪುಟವನ್ನು ಸಾವಕಾಶವಾಗಿ ನೋಡಿದೆ.

ಹತ್ತು ಕಳೆಯುವ ಲೆಕ್ಕ ಇವೆ. ನಾಲ್ಕು ಸರಿ, ಆರು ತಪ್ಪು. ಕೆಳಗೆ 4/10 ಅಂತ ಬರೆದು ಸುತ್ತು ಹಾಕಿದ್ದಾರೆ. ಈಗ ತಪ್ಪಾದವನ್ನು ನೋಡಿ. 52ರಲ್ಲಿ 27 ಕಳೆದು 35 ಬರೆದಿದ್ದಾನೆ. 83ರಲ್ಲಿ 46 ಕಳೆದು 43. 400ರಲ್ಲಿ 156 ಕಳೆದು 356. ಸರಿಯಾದ ಉತ್ತರಗಳು 25, 37, 244 ಅಂತ ನಿಮಗೂ ಗೊತ್ತು. ಆದರೆ ಅವನು 35 ಅಂತ ಯಾಕೆ ಬರೆದ? ಬಿಡಿ ಸ್ಥಾನದಲ್ಲಿ ಮೇಲೆ 2, ಕೆಳಗೆ 7. ಎರಡರಲ್ಲಿ ಏಳು ಹೋಗುವುದಿಲ್ಲ. ಅವನು ತಿರುಗಿಸಿ ಏಳರಲ್ಲಿ ಎರಡು ಕಳೆದು 5 ಬರೆದ. ಐದರಲ್ಲಿ ಎರಡು ಹೋದರೆ 3. ಉತ್ತರ 35. ಇನ್ನೆರಡನ್ನೂ ಹೀಗೇ ಮಾಡಿ ನೋಡಿ, ಅವನು ಬರೆದದ್ದೇ ಬರುತ್ತದೆ. ಉಳಿದ ಮೂರು ತಪ್ಪುಗಳೂ ಇದೇ ದಾರಿಯಲ್ಲಿ ಬಂದಿವೆ. ಸರಿ ಬಂದಿರುವ ನಾಲ್ಕು ಯಾವುವು? 68ರಲ್ಲಿ 25 ಕಳೆಯುವಂಥವು. ಮೇಲಿನ ಅಂಕಿಗಳೆಲ್ಲ ದೊಡ್ಡವಾದ್ದರಿಂದ ಮೇಷ್ಟ್ರುಗಳು ಹೇಳುವ ‘ಪಕ್ಕದ ಅಂಕಿಯಿಂದ ಸಾಲ ತರುವ’ ಗೊಡವೆಯೇ ಇಲ್ಲ.

ಅಂದರೆ ಈ ಹುಡುಗ ಆರು ತಪ್ಪು ಮಾಡಿಲ್ಲ. ಒಂದೇ ತಪ್ಪನ್ನು ಆರು ಸಲ ಮಾಡಿದ್ದಾನೆ. ಅದೂ ಕಣ್ಣು ಮುಚ್ಚಿ ಮಾಡಿದ್ದಲ್ಲ, ‘ದೊಡ್ಡದರಲ್ಲಿ ಚಿಕ್ಕದನ್ನು ಕಳೆಯಬೇಕು’ ಎಂಬ ಒಂದು ನಿಯಮ ಇಟ್ಟುಕೊಂಡು ಮಾಡಿದ್ದು. ಆ ನಿಯಮ ಎಲ್ಲಿಂದ ಬಂತು? ನಾವೇ ಹೇಳಿಕೊಟ್ಟದ್ದು. ಒಂದನೇ ಎರಡನೇ ತರಗತಿಯಲ್ಲಿ ‘ಚಿಕ್ಕದರಲ್ಲಿ ದೊಡ್ಡದು ಹೋಗಲ್ಲ, ದೊಡ್ಡದರಲ್ಲಿ ಚಿಕ್ಕದನ್ನ ಕಳಿ’ ಅಂತ ನಾವು ನೂರು ಸಲ ಹೇಳಿರುತ್ತೇವೆ. ಅವನು ಅದನ್ನು ನಿಷ್ಠೆಯಿಂದ ಪಾಲಿಸಿದ. ಕಲಿತದ್ದನ್ನು ಇಷ್ಟು ಪಟ್ಟಾಗಿ ಹಿಡಿದುಕೊಂಡಿರುವ ಹುಡುಗನನ್ನು ದಡ್ಡ ಅನ್ನಲಿಕ್ಕೆ ನನಗಂತೂ ಬಾಯಿ ಬರುವುದಿಲ್ಲ. ನೀವೂ ಆ ಮಾತನ್ನು ಅವನ ಎದುರಿಗೆ ಆಡಬೇಡಿ, ಅವನು ಮಲಗಿರುವಾಗ ಪಕ್ಕದ ಕೋಣೆಯಲ್ಲೂ ಆಡಬೇಡಿ.

ಈ ತಪ್ಪು ನಿಮ್ಮ ಮಗನದೊಬ್ಬನದೇ ಅಲ್ಲ. ಅಮೆರಿಕದಲ್ಲಿ ಜಾನ್ ಸೀಲಿ ಬ್ರೌನ್ ಮತ್ತು ರಿಚರ್ಡ್ ಬರ್ಟನ್ ಎಂಬ ಇಬ್ಬರು ಮಕ್ಕಳ ಕಳೆಯುವ ಲೆಕ್ಕಗಳನ್ನು ಕಲೆಹಾಕಿ, ಒಂದೊಂದು ತಪ್ಪು ಉತ್ತರವೂ ಯಾವ ದಾರಿಯಲ್ಲಿ ಬಂತು ಎಂದು ಹುಡುಕಿ, 1978ರಲ್ಲಿ ಪ್ರಕಟಿಸಿದರು. ಬೇಕಾಬಿಟ್ಟಿ ಎಂದು ಕಾಣುತ್ತಿದ್ದ ಎಷ್ಟೋ ಉತ್ತರಗಳ ಹಿಂದೆ ಒಂದು ಕ್ರಮ ಇತ್ತು, ಮಗು ಅದನ್ನು ತಪ್ಪದೆ ಅನುಸರಿಸುತ್ತಿತ್ತು. ದೊಡ್ಡದರಲ್ಲಿ ಚಿಕ್ಕದನ್ನು ಕಳೆಯುವ ಈ ಅಭ್ಯಾಸ ಅಲ್ಲಿಯೂ ಸಿಕ್ಕಿತು, ಅದೂ ತೀರ ಸಾಮಾನ್ಯವಾಗಿ. ನಮ್ಮ ದೇಶದ ವಿಷಯಕ್ಕೆ ಬಂದರೆ, ಹಳ್ಳಿ ಹಳ್ಳಿಗೆ ಹೋಗಿ ಮಕ್ಕಳ ಓದು ಲೆಕ್ಕ ನೋಡುವ ‘ಅಸರ್’ ಸಮೀಕ್ಷೆ ಇದೆಯಲ್ಲ, ಅದರಲ್ಲಿ ಕೊಡುವ ಕಳೆಯುವ ಲೆಕ್ಕವೂ ಇದೇ ಬಗೆಯದು: ಎರಡಂಕಿ, ಸಾಲ ತರಬೇಕಾದದ್ದು. 2018ರಲ್ಲಿ ಗ್ರಾಮೀಣ ಭಾರತದ 3ನೇ ತರಗತಿಯ ಮಕ್ಕಳಲ್ಲಿ ಅದನ್ನು ಮಾಡಬಲ್ಲವರು 100ಕ್ಕೆ ಸುಮಾರು 28. ಉಳಿದವರೂ 4ನೇ ತರಗತಿಗೆ ಹೋಗುತ್ತಾರೆ, 5ಕ್ಕೂ ಹೋಗುತ್ತಾರೆ. ಭಾಗಾಕಾರ ಬರುತ್ತದೆ, ಅದರ ಹೊಟ್ಟೆಯೊಳಗೆ ಹೆಜ್ಜೆ ಹೆಜ್ಜೆಗೂ ಕಳೆಯುವುದು ಇರುತ್ತದೆ. ಆಗ ‘ಇವನಿಗೆ ಭಾಗಾಕಾರ ಬರಲ್ಲ’ ಅನ್ನುತ್ತೇವೆ. ತೊಂದರೆ ಎರಡು ವರ್ಷ ಹಿಂದೆಯೇ ಶುರುವಾಗಿರುತ್ತದೆ.

ಈಗ ಆ ‘ಹತ್ತು ಸಲ ಬರಿ’ ಶಿಕ್ಷೆಯ ವಿಷಯ. ಅವನು ‘52-27=25’ ಅಂತ ಹತ್ತು ಸಲ ಬರೆದಿದ್ದಾನೆ, ಅದೇ ಫೋಟೋದಲ್ಲಿ ಅದೂ ಕಾಣುತ್ತದೆ. ಅದರಿಂದ ಅವನ ಕೈಗೆ 25 ಗೊತ್ತಾಯಿತು. 25 ಯಾಕೆ, 35 ಯಾಕಲ್ಲ ಎನ್ನುವುದು ತಲೆಗೆ ಗೊತ್ತಾಗಲಿಲ್ಲ. ಮರುದಿನ ಬೇರೆ ಅಂಕಿ ಕೊಟ್ಟರೆ ಹಳೆಯ ನಿಯಮವೇ ಎದ್ದು ಬರುತ್ತದೆ. ನೀವು ಹೊಲಿಗೆಯವರು, ನಿಮಗಿದು ಬೇಗ ಅರ್ಥವಾಗುತ್ತದೆ. ಕಂಕುಳಲ್ಲಿ ಹಿಡಿಯುತ್ತದೆ ಅಂತ ಬ್ಲೌಸ್ ವಾಪಸ್ ಬಂದರೆ ನೀವು ಅದೇ ಅಳತೆಗೆ ಇನ್ನೂ ಹತ್ತು ಬ್ಲೌಸ್ ಹೊಲಿಯುವುದಿಲ್ಲ. ಹಾಕಿಸಿ ನೋಡುತ್ತೀರಿ, ಎಲ್ಲಿ ಎಳೆಯುತ್ತಿದೆ ಅಂತ ಬೆರಳಿಟ್ಟು ಹಿಡಿಯುತ್ತೀರಿ, ಅಷ್ಟು ಹೊಲಿಗೆ ಮಾತ್ರ ಬಿಚ್ಚುತ್ತೀರಿ. ಮೇಷ್ಟ್ರು ಮಾಡಬೇಕಾದ್ದೂ ಅಷ್ಟೇ.

ಹೀಗೆ ಹೇಳುವ ಅಧಿಕಾರ ನನಗೆ ಸುಲಭಕ್ಕೆ ಬಂದದ್ದಲ್ಲ. ಹೊಸದುರ್ಗ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ನಾನು ಹೊಸದಾಗಿ ಕೆಲಸಕ್ಕೆ ಸೇರಿದ್ದ ಕಾಲ. ಎರಡನೇ ತರಗತಿಯ ಒಂದು ಹುಡುಗಿ ‘ಹಾಲು’ ಎನ್ನುವುದನ್ನು ‘ಆಲು’ ಅಂತ ಬರೆಯುತ್ತಿದ್ದಳು. ಐವತ್ತು ಸಲ ಬರೆಸಿದೆ. ಬಹಳ ಮುದ್ದಾದ ಅಕ್ಷರದಲ್ಲಿ ಐವತ್ತು ‘ಹಾಲು’ ಬರೆದು ತಂದಳು. ಓದು ಅಂದೆ. ‘ಆಲು’ ಅಂತ ಓದಿದಳು. ಮಕ್ಕಳು ನಕ್ಕರು, ನಾನು ಸುಮ್ಮನಿರಿಸಲಿಲ್ಲ. ಆ ಹುಡುಗಿಯ ಮನೆಯಲ್ಲಿ, ಕೇರಿಯಲ್ಲಿ ಎಲ್ಲರೂ ‘ಆಲು’ ಅನ್ನುವವರೇ. ತನ್ನ ಕಿವಿಗೆ ಕೇಳಿದ್ದನ್ನು ಸರಿಯಾದ ಅಕ್ಷರದಲ್ಲಿ ಬರೆಯಲು ಅವಳು ಆಗಲೇ ಕಲಿತಿದ್ದಳು, ಎರಡನೇ ತರಗತಿಗೆ ಅದು ಸಣ್ಣ ವಿದ್ಯೆಯೇನಲ್ಲ. ನನಗೆ ಅದು ಕಾಣಲಿಲ್ಲ. ಆ ವರ್ಷ ಪೂರ್ತಿ ಅವಳು ನನ್ನ ಪ್ರಶ್ನೆಗೆ ಕೈ ಎತ್ತಲಿಲ್ಲ. ಅಂಗೈಯನ್ನು ಬಾಯಿ ಮುಂದೆ ಹಿಡಿಸಿ ‘ಆ’ ಅನ್ನು, ಈಗ ‘ಹಾ’ ಅನ್ನು, ಯಾವಾಗ ಕೈಗೆ ಉಸಿರು ತಾಗಿತು ನೋಡು ಅಂದಿದ್ದರೆ ಎರಡು ನಿಮಿಷದ ಕೆಲಸ. ‘ಮನೆಯಲ್ಲಿ ಹಾಗೆ ಅಂತೀವಿ, ಪುಸ್ತಕದಲ್ಲಿ ಹೀಗೆ ಬರೀತೀವಿ’ ಅಂತ ಒಂದು ಮಾತು ಸೇರಿಸಿದ್ದರೆ ಅವಳ ಮನೆಯ ಮಾತಿಗೂ ಮರ್ಯಾದೆ ಉಳಿಯುತ್ತಿತ್ತು. ಅದು ನನಗೆ ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ. ನಮ್ಮ ಎರಡೂ ಜಿಲ್ಲೆಗಳಲ್ಲಿ ತಾಂಡಾಗಳಿಂದ ಲಂಬಾಣಿ ಮಾತಾಡಿಕೊಂಡು ಬರುವ ಮಕ್ಕಳಿದ್ದಾರೆ, ಚಳ್ಳಕೆರೆ, ಮೊಳಕಾಲ್ಮೂರು ಕಡೆ ಮನೆಯಲ್ಲಿ ತೆಲುಗು ಆಡುವವರಿದ್ದಾರೆ, ದಾವಣಗೆರೆ ಪೇಟೆಯಲ್ಲಿ ಉರ್ದು ಮನೆಗಳಿವೆ. ಈ ಮಕ್ಕಳ ಕನ್ನಡದ ತಪ್ಪುಗಳಲ್ಲಿ ಅರ್ಧಕ್ಕರ್ಧ ಹೀಗೆ ಮನೆಯಿಂದ ಬಂದವು ಎಂಬುದು ನನ್ನ ಅನುಭವ.

ಹಾಗಂತ ತಪ್ಪನ್ನು ಮುದ್ದು ಮಾಡಿ ಹಾಗೇ ಬಿಡಬೇಕು ಅಂತ ನಾನು ಹೇಳುತ್ತಿಲ್ಲ. ‘ಮಗು ತಾನಾಗಿ ಸರಿಹೋಗುತ್ತೆ ಬಿಡಿ’ ಅನ್ನುವವರೂ ಇದ್ದಾರೆ, ಅವರ ಮಾತು ನನಗೆ ಒಪ್ಪಿಗೆಯಿಲ್ಲ. ತಿದ್ದದ ತಪ್ಪು ದಿನಾ ರೂಢಿಯಾಗುತ್ತದೆ, ರೂಢಿಯಾದದ್ದು ಗಟ್ಟಿಯಾಗುತ್ತದೆ. ತಿದ್ದಲೇಬೇಕು, ಬೇಗ ತಿದ್ದಬೇಕು, ಬೆರಳಿಟ್ಟು ತಿದ್ದಬೇಕು. ಅವಸರದಲ್ಲಿ 6ನ್ನು 9 ಮಾಡಿದ್ದರೆ ‘ಇನ್ನೊಮ್ಮೆ ನೋಡು’ ಅಂದರೆ ಸಾಕು. ನಿಯಮವೇ ತಪ್ಪಿದ್ದರೆ ಕೂತು ಬಿಚ್ಚಬೇಕು. ಎರಡಕ್ಕೂ ಒಂದೇ ಕೆಂಪು ಗೆರೆ ಎಳೆದರೆ ಮಗುವಿಗೆ ತನ್ನದು ಯಾವುದು ಅಂತ ತಿಳಿಯುವುದಿಲ್ಲ.

ಇಲ್ಲಿ ಇನ್ನೊಂದು ಸಂಗತಿ ನನಗೆ ಬಹಳ ಪ್ರಿಯವಾದದ್ದು. 2001ರಲ್ಲಿ ಬಟರ್‌ಫೀಲ್ಡ್ ಮತ್ತು ಮೆಟ್ಕಾಫ್ ಎಂಬ ಸಂಶೋಧಕರು ಒಂದು ಪ್ರಯೋಗ ಮಾಡಿದರು. ಪ್ರಶ್ನೆ ಕೇಳಿ, ಉತ್ತರದ ಜೊತೆಗೆ ‘ಇದು ಸರಿ ಅಂತ ಎಷ್ಟು ನಂಬಿಕೆ’ ಎಂದೂ ಕೇಳಿ, ತಪ್ಪಿದ್ದರೆ ಸರಿಯಾದದ್ದನ್ನು ತಿಳಿಸಿದರು. ಅರೆಮನಸ್ಸಿನಿಂದ ಹೇಳಿದ ತಪ್ಪುಗಳಿಗಿಂತ ಗಟ್ಟಿ ನಂಬಿಕೆಯಿಂದ ಹೇಳಿದ ತಪ್ಪುಗಳೇ ಮುಂದೆ ಹೆಚ್ಚಾಗಿ ಸರಿಹೋದವು. ಖಂಡಿತ ಸರಿ ಅಂದುಕೊಂಡದ್ದು ತಪ್ಪಾದಾಗ ಮನಸ್ಸು ಬೆಚ್ಚುತ್ತದೆ, ಕಣ್ಣರಳಿಸಿ ನೋಡುತ್ತದೆ. ಆದರೆ ಅದಕ್ಕೆ ಮೊದಲು ಉತ್ತರ ಹೊರಗೆ ಬರಬೇಕು. ಅದಕ್ಕೇ ನಿಮ್ಮ ಪತ್ರದಲ್ಲಿ ನನಗೆ ನಿಜವಾಗಿ ಗಾಬರಿಯಾದದ್ದು ಆ ಕೆಂಪು ಗೆರೆಗಳನ್ನು ಓದಿ ಅಲ್ಲ, ಖಾಲಿ ಹಾಳೆಯ ಮಾತನ್ನು ಓದಿ. 35 ಅಂತ ಬರೆದಾಗ ಅವನ ತಲೆಯಲ್ಲಿ ಏನಿದೆ ಅಂತ ನನಗೆ ಚಿತ್ರದುರ್ಗದಲ್ಲಿ ಕೂತೇ ಗೊತ್ತಾಯಿತು. ಖಾಲಿ ಬಿಟ್ಟರೆ ಎದುರಿಗೆ ಕೂತವರಿಗೂ ಗೊತ್ತಾಗುವುದಿಲ್ಲ. ಅವನು ಸೋಮಾರಿತನದಿಂದ ಬಿಟ್ಟಿಲ್ಲ. ಬರೆದರೆ ನಗುತ್ತಾರೆ, ಬರೆಯದಿದ್ದರೆ ಬೈಗುಳವಷ್ಟೇ ಅಂತ ಲೆಕ್ಕ ಹಾಕಿದ್ದಾನೆ. ಆ ಲೆಕ್ಕ ಅವನ ಪಾಲಿಗೆ ಸರಿಯಾಗಿಯೇ ಇದೆ.

ಪಾಠ ಸರಿ ಇಲ್ಲವೋ ಅಂತ ಕೇಳಿದ್ದೀರಿ. ಒಂದು ಪುಟ ನೋಡಿ ಇಡೀ ಶಿಕ್ಷಕಿಯನ್ನು ಅಳೆಯುವುದು ನ್ಯಾಯವಲ್ಲ. ಅವರ ಜಾಗದಲ್ಲಿ ನಿಂತು ನೋಡಿ: ನಲವತ್ತು ಮಕ್ಕಳು, ತಲಾ ಹತ್ತು ಲೆಕ್ಕ, ಒಂದು ದಿನಕ್ಕೆ ನಾನೂರು ಉತ್ತರ. ಪೋರ್ಷನ್ ಮುಗಿಸಬೇಕು. ವರ್ಷದ ನಡುನಡುವೆ ಮಾಡುವ ರೂಪಣಾತ್ಮಕ ಪರೀಕ್ಷೆಯ ಅಂಕಗಳನ್ನು ಕಂಪ್ಯೂಟರಿಗೆ ಏರಿಸಬೇಕು. ಒಂದೊಂದು ಉತ್ತರದ ಮುಂದೆ ಕೂತು ಯೋಚಿಸಲು ಯಾರಿಗೂ ಆಗದು. ಆದರೆ ಇದಕ್ಕೊಂದು ದಾರಿ ಇದೆ. ಆ ನಾನೂರು ಉತ್ತರಗಳಲ್ಲಿ ತಪ್ಪಿನ ಜಾತಿಗಳು ಮೂರೋ ನಾಲ್ಕೋ ಅಷ್ಟೇ ಇರುತ್ತವೆ. ಜಗಳೂರು ಕಡೆಯ ಒಂದು ಸರ್ಕಾರಿ ಶಾಲೆಯಲ್ಲಿ ನಾನು ಕಣ್ಣಾರೆ ಕಂಡದ್ದು ಹೇಳುತ್ತೇನೆ. ಆ ಶಿಕ್ಷಕಿ ಬೆಳಿಗ್ಗೆ ಬಂದವರೇ ಬೋರ್ಡಿನ ಮೇಲೆ ‘61-24=43’ ಅಂತ ಬರೆದರು. ಯಾರದು ಅಂತ ಹೇಳಲಿಲ್ಲ. ‘ಈ ಉತ್ತರ ಬಂದಿದ್ದು ಹೆಂಗೆ, ಯಾರು ಹೇಳ್ತೀರಿ?’ ಅಂದರು. ತಪ್ಪೋ ಸರಿಯೋ ಅಂತಲೂ ಕೇಳಲಿಲ್ಲ. ಆಮೇಲೆ ಸುಮ್ಮನೆ ನಿಂತರು. ಮಕ್ಕಳು ಗುಸುಗುಸು ಮಾಡಿದರು. ಹಿಂದಿನ ಸಾಲಿನ ಒಬ್ಬ ಎದ್ದು ‘ನಾಕರಾಗೆ ಒಂದು ಕಳದಾರೆ ಮಿಸ್’ ಅಂದ. ‘ಹಂಗೆ ಕಳೀಬೋದಾ?’ ಅಂದರು. ಮುಂದಿನ ಇಪ್ಪತ್ತು ನಿಮಿಷ ಆ ತರಗತಿಯಲ್ಲಿ ನಡೆದ ವಾದ ನನಗೆ ಇನ್ನೂ ನೆನಪಿದೆ. ಯಾವ ಮಗುವಿನ ಮುಖವೂ ಬಾಡಲಿಲ್ಲ, ತಪ್ಪು ಮಾಡಿದ್ದವರೆಲ್ಲರಿಗೂ ತಮ್ಮ ತಪ್ಪು ಕಂಡಿತು.

ಆ ‘ಸುಮ್ಮನೆ ನಿಂತದ್ದು’ ಕೂಡ ಪಾಠದ ಗುಣಮಟ್ಟವೇ. ಮೇರಿ ಬಡ್ ರೋ ಎಂಬ ಶಿಕ್ಷಣ ಸಂಶೋಧಕಿ 1970ರ ದಶಕದಲ್ಲಿ ತರಗತಿಗಳ ಧ್ವನಿಮುದ್ರಣ ಕೇಳಿ ಕೇಳಿ ಅಳೆದರು. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಕಾಯುತ್ತಿದ್ದುದು ಸಾಮಾನ್ಯವಾಗಿ ಒಂದೇ ಒಂದು ಸೆಕೆಂಡು. ಅಷ್ಟರಲ್ಲಿ ಬಾಯಿ ಬಿಡಬಲ್ಲವರು ಮೊದಲ ಬೆಂಚಿನ ನಾಲ್ಕು ಮಂದಿ. ಅದನ್ನು ಮೂರು ಸೆಕೆಂಡಿಗೋ ಅದಕ್ಕಿಂತ ಹೆಚ್ಚಿಗೋ ಏರಿಸಿದಾಗ ಮಕ್ಕಳ ಉತ್ತರ ಉದ್ದವಾಯಿತು, ತಾವಾಗಿ ಮಾತಾಡುವವರು ಹೆಚ್ಚಿದರು, ಸುಮ್ಮನೆ ಕೂರುವವರು ಕಡಿಮೆಯಾದರು. ಇದಕ್ಕೆ ಸ್ಮಾರ್ಟ್ ಬೋರ್ಡ್ ಬೇಡ, ಹೆಚ್ಚಿನ ಫೀಸೂ ಬೇಡ. ನಮ್ಮ ದಾವಣಗೆರೆಯಂಥ ಶಾಲೆ ಕಾಲೇಜುಗಳ ಊರಿನಲ್ಲಿ ಕಟ್ಟಡ, ಬಸ್ಸು, ಯೂನಿಫಾರಂ ನೋಡಿ ಶಾಲೆ ಆರಿಸುವುದು ರೂಢಿಯಾಗಿದೆ. ಕೇಳಿದ ಮೇಲೆ ಶಿಕ್ಷಕರು ಮೂರು ಸೆಕೆಂಡು ಕಾಯುತ್ತಾರೋ ಅಂತ ಯಾರೂ ವಿಚಾರಿಸುವುದಿಲ್ಲ.

ಲೀ ಶುಲ್ಮನ್ ಎಂಬ ಶಿಕ್ಷಣತಜ್ಞರು 1986ರಲ್ಲೇ ಒಂದು ಮುಖ್ಯ ವ್ಯತ್ಯಾಸ ತೋರಿಸಿದರು. ವಿಷಯ ತಿಳಿದಿರುವುದು ಒಂದು, ಆ ವಿಷಯದಲ್ಲಿ ಮಕ್ಕಳು ಎಲ್ಲಿ ಎಡವುತ್ತಾರೆ, ಯಾವ ಉದಾಹರಣೆ ಕೊಟ್ಟರೆ ಹಿಡಿಯುತ್ತಾರೆ ಎಂದು ತಿಳಿದಿರುವುದು ಇನ್ನೊಂದು. 52ರಲ್ಲಿ 27 ಕಳೆಯಲು ಕಿರಾಣಿ ಅಂಗಡಿಯವರಿಗೂ ಬರುತ್ತದೆ. 35 ಅಂತ ಬರೆದ ಮಗುವಿನ ಮನಸ್ಸು ಓದಲು ಬರುವುದು ಶಿಕ್ಷಕ ವೃತ್ತಿಯ ವಿದ್ಯೆ. ಅದನ್ನು ನಮ್ಮ ಡಿ.ಇಡಿ., ಬಿ.ಇಡಿ. ತರಬೇತಿಗಳಲ್ಲಿ ನಾವು ಸಾಕಷ್ಟು ಕೊಟ್ಟಿಲ್ಲ. ಆ ಹೊಣೆಯಲ್ಲಿ ನನ್ನ ಪಾಲೂ ಇದೆ.

ಮೌಲ್ಯಮಾಪನದ ಬಗ್ಗೆಯೂ ಎರಡು ಮಾತು. 4/10 ಅಂತ ಬರೆದು ಸುತ್ತು ಹಾಕಿದ್ದರಿಂದ ಅವನಿಗೆ ತಿಳಿದದ್ದು ಎಷ್ಟು ಸರಿ, ಎಷ್ಟು ತಪ್ಪು ಅನ್ನುವುದು ಮಾತ್ರ. ಇಸ್ರೇಲಿನಲ್ಲಿ ರೂತ್ ಬಟ್ಲರ್ 1988ರಲ್ಲಿ ಮಕ್ಕಳನ್ನು ಮೂರು ಗುಂಪು ಮಾಡಿ ನೋಡಿದ್ದರು. ಒಂದಕ್ಕೆ ಬರೀ ಅಂಕ, ಒಂದಕ್ಕೆ ಬರೀ ಟಿಪ್ಪಣಿ, ಒಂದಕ್ಕೆ ಎರಡೂ. ಮುಂದಿನ ಕೆಲಸದಲ್ಲಿ ಸುಧಾರಿಸಿದ್ದು ಬರೀ ಟಿಪ್ಪಣಿ ಪಡೆದವರು. ಎರಡನ್ನೂ ಪಡೆದವರು ಬರೀ ಅಂಕದವರಿಗಿಂತ ಮೇಲೇನೂ ಹೋಗಲಿಲ್ಲ. ಅಂಕ ಕಂಡ ಮೇಲೆ ಟಿಪ್ಪಣಿ ಓದುವ ಮನಸ್ಸು ಮಗುವಿಗೆ ಉಳಿಯುವುದಿಲ್ಲ.

ಇನ್ನು ಮನೆಯಲ್ಲಿ ಏನು ಮಾಡಬೇಕು. ಮೊದಲು ಒಂದೇ ಒಂದು ಲೆಕ್ಕ ಕೊಡಿ: 71ರಲ್ಲಿ 38. ಪಕ್ಕದಲ್ಲಿ ಕಾವಲು ಕೂರಬೇಡಿ, ನಿಮ್ಮ ಹೊಲಿಗೆ ನೀವು ಮಾಡುತ್ತಿರಿ. 47 ಬರೆದರೆ ನಾನು ಮೇಲೆ ಹೇಳಿದ್ದೇ ಕಾಯಿಲೆ. 43 ಬರೆದರೆ ಬೇರೆ: ಪಕ್ಕದಿಂದ ಹತ್ತು ತಂದಿದ್ದಾನೆ, ಹನ್ನೊಂದರಲ್ಲಿ ಎಂಟು ಕಳೆದಿದ್ದಾನೆ, ಆದರೆ ಏಳನ್ನು ಆರು ಮಾಡಲು ಮರೆತಿದ್ದಾನೆ. 33 ಬರೆದರೆ ಅವನಿಗೆ ಲೆಕ್ಕ ಬರುತ್ತದೆ, ಬಾಕಿ ಇರುವುದು ಹೆದರಿಕೆ. ಏನು ಬರೆದರೂ ತಪ್ಪು ಅನ್ನಬೇಡಿ, ‘ಹೆಂಗೆ ಮಾಡ್ದೆ ಹೇಳು ಪುಟ್ಟ’ ಅನ್ನಿ. ಸರಿ ಉತ್ತರ ಬಂದಾಗಲೂ ಇದನ್ನೇ ಕೇಳಿ. ಇಲ್ಲದಿದ್ದರೆ ‘ಹೆಂಗೆ’ ಎಂದಾಗಲೆಲ್ಲ ತಪ್ಪಾಗಿದೆ ಅಂತ ಅವನು ಹಿಡಿದುಬಿಡುತ್ತಾನೆ.

ಆಮೇಲೆ ನೋಟು ತೆಗೆಯಿರಿ. ಹತ್ತು ರೂಪಾಯಿಯ ಐದು ನೋಟು, ಒಂದು ರೂಪಾಯಿಯ ಎರಡು ನಾಣ್ಯ ಅವನ ಕೈಗೆ ಕೊಟ್ಟು, ‘ನನಗೆ 27 ರೂಪಾಯಿ ಕೊಡು’ ಅನ್ನಿ. ಎರಡು ನೋಟು ಕೊಡುತ್ತಾನೆ, ಏಳು ರೂಪಾಯಿ ಕೊಡಲು ಹೋಗಿ ನಿಲ್ಲುತ್ತಾನೆ. ಅವನ ಹತ್ತಿರ ಎರಡೇ ನಾಣ್ಯ. ಅಲ್ಲಿ ನೀವು ಬಾಯಿ ಬಿಡಬೇಡಿ. ‘ಅಮ್ಮ, ಚಿಲ್ಲರೆ ಕೊಡು’ ಅಂತ ಅವನೇ ಕೇಳುತ್ತಾನೆ. ಒಂದು ನೋಟು ಇಸಿದುಕೊಂಡು ಹತ್ತು ನಾಣ್ಯ ಕೊಡಿ. ಈಗ ಅವನಲ್ಲಿ ಹನ್ನೆರಡು ನಾಣ್ಯ. ಏಳು ಕೊಟ್ಟರೆ ಐದು ಉಳಿಯುತ್ತದೆ, ನೋಟು ಎರಡು ಉಳಿಯುತ್ತದೆ. 25. ನಾಲ್ಕೈದು ಸಲ ಕೈಯಲ್ಲಿ ಮಾಡಿದ ಮೇಲೆ ಅದನ್ನೇ ಪುಸ್ತಕದಲ್ಲಿ ಬರೆಸಿ. ನಾವು ಮೇಷ್ಟ್ರುಗಳು ‘ಪಕ್ಕದ ಮನೆಯಿಂದ ಸಾಲ ತಗೋ’ ಅನ್ನುತ್ತೇವೆ. ಒಮ್ಮೆ ಒಬ್ಬ ಹುಡುಗ ನನ್ನನ್ನು ಕೇಳಿದ: ‘ಸಾ, ಆ ಸಾಲ ವಾಪಸ್ ಯಾವಾಗ ಕೊಡಬೇಕು?’ ನನ್ನಲ್ಲಿ ಉತ್ತರವಿರಲಿಲ್ಲ. ಅಂದಿನಿಂದ ನಾನು ಸಾಲ ಅನ್ನುವುದನ್ನು ಬಿಟ್ಟು ‘ಚಿಲ್ಲರೆ ಮಾಡಿಸು’ ಅಂತಲೇ ಹೇಳುತ್ತೇನೆ. ಹತ್ತು ಹತ್ತಾಗಿಯೇ ಉಳಿಯುತ್ತದೆ, ರೂಪ ಮಾತ್ರ ಬದಲಾಗುತ್ತದೆ ಅನ್ನುವುದು ಆ ಮಾತಿನಲ್ಲೇ ಇದೆ. 400ರಂಥ ಲೆಕ್ಕಕ್ಕೆ ನೂರರ ನೋಟು ಸೇರಿಸಿಕೊಳ್ಳಿ, ಎರಡು ಸಲ ಚಿಲ್ಲರೆ ಮಾಡಿಸಬೇಕಾಗುತ್ತದೆ. ಅದನ್ನು ಮುಂದಿನ ವಾರಕ್ಕೆ ಇಟ್ಟುಕೊಳ್ಳಿ.

ಟ್ಯೂಷನ್ ಸದ್ಯಕ್ಕೆ ಬೇಡ. ಶಾಲೆಯ ಲೆಕ್ಕವನ್ನೇ ಇನ್ನೂ ಅವಸರದಲ್ಲಿ ಮಾಡಿಸುವ ಟ್ಯೂಷನ್‌ಗಳೇ ಜಾಸ್ತಿ. ಶಾಲೆಯನ್ನೂ ಈಗಲೇ ಬಿಡಿಸಬೇಡಿ. ಹೆದರಿದ ಮಗುವನ್ನು ಹೊಸ ಜಾಗಕ್ಕೆ ಹಾಕಿದರೆ ಹೆದರಿಕೆಯೂ ಜೊತೆಗೆ ಹೋಗುತ್ತದೆ. ಮೊದಲು ಆ ಶಿಕ್ಷಕಿಯನ್ನು ಭೇಟಿ ಮಾಡಿ. ದೂರು ಕೊಡುವ ಧಾಟಿ ಬೇಡ, ಪುಟ ತೆಗೆದು ತೋರಿಸಿ: ‘ಮಿಸ್, ಕೆಳಗಿನ ಅಂಕಿ ದೊಡ್ಡದಿದ್ರೆ ಇವನು ತಿರುಗಿಸಿ ಕಳೀತಿದಾನೆ. ಮನೇಲಿ ನೋಟು, ಚಿಲ್ಲರೆ ಕೊಟ್ಟು ತೋರಿಸ್ತಿದೀನಿ. ಬರೆದ ಉತ್ತರ ತಪ್ಪಿದ್ರೂ ಪರವಾಗಿಲ್ಲ, ಖಾಲಿ ಬಿಡಬೇಡ ಅಂತ ನೀವೂ ಒಂದು ಮಾತು ಹೇಳಿ.’ ಹೆಚ್ಚಿನ ಶಿಕ್ಷಕರು ಇಂಥ ಮಾತಿಗೆ ಕರಗುತ್ತಾರೆ. ಇಷ್ಟು ನಿಖರವಾಗಿ ಅವರಿಗೆ ಯಾವ ಪೋಷಕರೂ ಹೇಳಿರುವುದಿಲ್ಲ.

ಆದರೆ ಎಲ್ಲರೆದುರು ನಿಲ್ಲಿಸಿ ನಗಿಸುವುದು ಮುಂದುವರಿದರೆ ಸುಮ್ಮನಿರಬೇಡಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಹೊಡೆಯುವುದನ್ನು ಮಾತ್ರವಲ್ಲ, ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಮಗು ಭಯ, ಆಘಾತ, ಆತಂಕಗಳಿಲ್ಲದೆ ಕಲಿಯಬೇಕು ಅಂತ 29ನೇ ಕಲಂನಲ್ಲಿ ಬರೆದಿದೆ. ಮುಖ್ಯೋಪಾಧ್ಯಾಯರಿಗೆ ಬರವಣಿಗೆಯಲ್ಲಿ ಕೊಡಿ, ಅಲ್ಲೂ ಆಗದಿದ್ದರೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೆ ಹೋಗಿ. ಶಾಲೆ ಬದಲಿಸುವ ಯೋಚನೆ ಆಗ ಮಾಡಬಹುದು. ಹೊಸ ಶಾಲೆ ನೋಡಲು ಹೋದಾಗ ಅಲ್ಲಿಯ ಮೂರೋ ನಾಲ್ಕೋ ನೋಟ್‌ಬುಕ್ ಕೇಳಿ ನೋಡಿ. ಕೆಂಪು ಇಂಕಿನಲ್ಲಿ ಒಂದಾದರೂ ವಾಕ್ಯ ಇದೆಯೇ, ಬರೀ ಗೆರೆಗಳೇ ಇವೆಯೇ ಅಂತ.

ಒಂದು ವಿಷಯ ಕಡೆಗೆ ಉಳಿಯಿತು. ಮಗನ ಕಂಪಾಸ್ ಬಾಕ್ಸಿನಿಂದ ಈ ಹದಿನೈದು ದಿನ ರಬ್ಬರ್ ತೆಗೆದಿಡಿ. ತಪ್ಪಾದರೆ ಒಂದು ಗೆರೆ ಎಳೆದು ಪಕ್ಕದಲ್ಲಿ ಇನ್ನೊಮ್ಮೆ ಬರೆಯಲಿ. 71ರಲ್ಲಿ 38 ಕಳೆದು ಅವನು ಏನು ಬರೆದ ಅಂತ ಅಳಿಸದ ಪುಟದ ಫೋಟೋ ಕಳಿಸಿ. ಅದನ್ನು ನೋಡಿ ಮುಂದಿನ ಲೆಕ್ಕ ಹೇಳುತ್ತೇನೆ.